ಮಗಳಿಗೊಂದು ಪತ್ರ: ಸೂಪರ್‌ಮ್ಯಾನ್ ಯುದ್ಧಕ್ಕೆ ಯಾಕೆ ಹೋಗಲಿಲ್ಲ?

ಪುಟ್ಟಿ,

ಸೂಪರ್‌ಮ್ಯಾನ್ ಮನಸ್ಸು ಮಾಡಿದ್ದರೆ ಎರಡನೇ ಮಹಾಯುದ್ಧ ಒಂದೇ ದಿನದಲ್ಲಿ ಮುಗಿಯುತ್ತಿತ್ತಲ್ವಾ ಅಂತ ಫೋನಿನಲ್ಲಿ ಕೇಳಿದೆ. ಅವನ ಕಥೆ ಬರೆಯುತ್ತಿದ್ದವರಿಗೂ ಇದೇ ತಲೆನೋವು.

ಒಂದು ಸಲ ಮುಗಿಸಿಯೂ ಇದ್ದ, ಕಾಗದದ ಮೇಲೆ. 1940ರಲ್ಲಿ ಅವನನ್ನು ಹುಟ್ಟುಹಾಕಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ‘ಲುಕ್’ ಪತ್ರಿಕೆಗೆ ಎರಡು ಪುಟದ ಕಥೆ ಮಾಡಿಕೊಟ್ಟರು. ಸೂಪರ್‌ಮ್ಯಾನ್ ಹಿಟ್ಲರ್‌ನನ್ನೂ ಸ್ಟಾಲಿನ್‌ನನ್ನೂ ಎತ್ತಿಕೊಂಡು ಜಿನೀವಾಕ್ಕೆ ಹಾರಿ, ಆಗಿನ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ ಮುಂದೆ ನಿಲ್ಲಿಸುತ್ತಾನೆ. ಅಷ್ಟೇ ಕಥೆ! ನಾಜಿಗಳ ಎಸ್‌ಎಸ್ ಪಡೆಯ ಪತ್ರಿಕೆ ಉರಿದುಬಿದ್ದು, ಸೀಗೆಲ್ ಯಹೂದಿ ಅನ್ನುವುದನ್ನೇ ಎತ್ತಿ ಬೈದಿತು.

1941ರ ಡಿಸೆಂಬರ್‌ನಲ್ಲಿ ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಅಮೆರಿಕವೇ ಯುದ್ಧಕ್ಕೆ ಇಳಿದ ಮೇಲೆ ಈ ಆಟ ನಡೆಯುವಂತಿರಲಿಲ್ಲ. ಓದುವ ಹುಡುಗನ ಅಣ್ಣ ನಿಜವಾಗಿ ರಣರಂಗದಲ್ಲಿದ್ದಾನೆ. ಇಲ್ಲಿ ಇವನು ಒಂದೇ ಏಟಿಗೆ ಗೆದ್ದುಬಿಟ್ಟರೆ ಹೇಗೆ? ಅದಕ್ಕೇ 1942ರಲ್ಲಿ ದಿನಪತ್ರಿಕೆಯ ಸ್ಟ್ರಿಪ್‌ನಲ್ಲಿ ಒಂದು ಉಪಾಯ ಹೂಡಿದರು. ಕ್ಲಾರ್ಕ್ ಕೆಂಟ್, ಅಂದರೆ ಸಾಮಾನ್ಯ ಮನುಷ್ಯನ ವೇಷದ ಸೂಪರ್‌ಮ್ಯಾನ್, ಸೇನೆಗೆ ಸೇರಲು ಹೋಗುತ್ತಾನೆ. ಕಣ್ಣಿನ ಪರೀಕ್ಷೆ. ಎಕ್ಸ್‌ರೇ ದೃಷ್ಟಿ ಗೋಡೆ ದಾಟಿ, ಪಕ್ಕದ ಕೋಣೆಯ ಚಾರ್ಟ್ ಓದಿಬಿಡುತ್ತಾನೆ. ಫೇಲ್! ಕ್ಲಾಸಿಗೆ ಚಕ್ಕರ್ ಹಾಕುತ್ತಿದ್ದ ಕಾಲದಲ್ಲೂ ಇಷ್ಟು ಚಂದದ ನೆಪ ನನಗೆ ಹೊಳೆದಿರಲಿಲ್ಲ.

ಇನ್ನೊಬ್ಬ ಕಾಮಿಕ್ಸ್ ಹೀರೋ ಕ್ಯಾಪ್ಟನ್ ಅಮೆರಿಕನಿಗೆ ಈ ತಾಪತ್ರಯ ಇಲ್ಲ, ಅವನು ಸೈನಿಕನೇ. ಮೊದಲ ಸಂಚಿಕೆ 1940ರ ಡಿಸೆಂಬರ್‌ನಲ್ಲೇ ಅಂಗಡಿಗೆ ಬಂತು. ಬೆಲೆ 10 ಸೆಂಟ್. ಮುಖಪುಟದಲ್ಲಿ ಹಿಟ್ಲರ್‌ನ ದವಡೆಗೆ ಗುದ್ದು. ಅಮೆರಿಕ ಇನ್ನೂ ದಡದಲ್ಲೇ ನಿಂತು ನೋಡುತ್ತಿದ್ದ ಹೊತ್ತು ಅದು. ಅವನನ್ನು ಸೃಷ್ಟಿಸಿದ ಜೋ ಸೈಮನ್, ಜಾಕ್ ಕರ್ಬಿ ಇಬ್ಬರೂ ಯಹೂದಿ ಮನೆಯ ಹುಡುಗರು, ಕಾಯುವ ತಾಳ್ಮೆ ಅವರಿಗಿರಲಿಲ್ಲ. ಬೆದರಿಕೆಗಳು ಬಂದವು. ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ತಾವೇ ಫೋನ್ ಮಾಡಿ ಧೈರ್ಯ ಹೇಳಿದರು ಅಂತ ಸೈಮನ್ ನೆನಪಿಸಿಕೊಂಡಿದ್ದಾರೆ.

ಆದರೆ ಆ ಕಾಲದ ಕಾಮಿಕ್ಸ್ ಪುಸ್ತಕಗಳಲ್ಲಿ ಜಪಾನೀಯರನ್ನು ಬರೆದ ರೀತಿ ನೋಡಿದರೆ ನಿನಗೆ ಹೊಟ್ಟೆ ತೊಳಸುತ್ತದೆ. ಹಳದಿ ಚರ್ಮ, ಕೋರೆಹಲ್ಲು. ಜರ್ಮನರಲ್ಲಿ ಕೆಟ್ಟವರು ನಾಜಿಗಳು. ಜಪಾನ್ ಅಂದರೆ ಊರಿಗೆ ಊರೇ ರಾಕ್ಷಸರು. ಅದೇ 1942ರಲ್ಲಿ ಅಮೆರಿಕ ತನ್ನಲ್ಲೇ ಇದ್ದ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ತಳ್ಳತೊಡಗಿತು. ಸುಮಾರು 1,20,000 ಜನ, ಹೆಚ್ಚಿನವರು ಅಲ್ಲಿನ ಪ್ರಜೆಗಳೇ. ಕಾಮಿಕ್ಸ್‌ನಿಂದ ಹೀಗಾಯಿತು ಅನ್ನುತ್ತಿಲ್ಲ. ಆದರೆ ತಿಂಗಳು ತಿಂಗಳು ಆ ಕೋರೆಹಲ್ಲು ನೋಡಿದ ಮಗುವಿಗೆ ಪಕ್ಕದ ಮನೆಯವರನ್ನು ಹೊತ್ತೊಯ್ದದ್ದು ತಪ್ಪು ಅಂತ ಅನಿಸೀತಾ?

ಅಂದಹಾಗೆ, ಸೂಪರ್‌ಮ್ಯಾನ್ ಫೇಲಾದರೂ ಸೀಗೆಲ್ ಪಾಸ್. 1943ರಲ್ಲಿ ಸೇನೆಗೆ ಕರೆ ಬಂತು. ಕರ್ಬಿಗೂ ಅದೇ ವರ್ಷ. ಫ್ರಾನ್ಸಿನಲ್ಲಿ ಅವರು ಚಿತ್ರಗಾರ ಅಂತ ಗೊತ್ತಾಗಿ, ಮುಂದೆ ಕಳಿಸಿ ಶತ್ರು ಇರುವ ಜಾಗದ ನಕ್ಷೆ ಬರೆಸುತ್ತಿದ್ದರಂತೆ. ಕಾಲಿಗೆ ಹಿಮ ಕಚ್ಚಿ, ಕತ್ತರಿಸಬೇಕಾದೀತು ಅನ್ನುವ ತನಕ ಹೋಗಿ ಹೇಗೋ ಉಳಿಯಿತು.

ಇವರ ಹಳೆಯ ಸಂಚಿಕೆಗಳು ಒಟ್ಟಾಗಿ ದಪ್ಪ ಪುಸ್ತಕಗಳಾಗಿ ಬಂದಿವೆ. ನಿನ್ನ ಕಾಲೇಜು ಲೈಬ್ರರಿಯಲ್ಲಿ ಕೇಳಿ ನೋಡು. ಸಿಕ್ಕಿದರೆ ರಜೆಗೆ ಬರುವಾಗ ತಾ, ನಾನೂ ಓದಬೇಕು.

ನಿನ್ನ ಅಪ್ಪ