ಬರಡು ರಾಸು ಶಿಬಿರದಲ್ಲಿ ಮೇವನ್ನೂ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಬರಡು ರಾಸುಗಳ ಶಿಬಿರ ನಡೆದಾಗ, ಹಸು ಯಾವಾಗ ಬೆದೆಗೆ ಬಂತು, ಎಷ್ಟು ಸಲ ಇಂಜೆಕ್ಷನ್ ಹಾಕಿಸಿದಿರಿ ಅಂತ ಕೇಳುತ್ತಾರೆ. ಖನಿಜ ಮಿಶ್ರಣವನ್ನೂ ಕೊಡುತ್ತಾರೆ. ಗೋದಲಿಯಲ್ಲಿ ಏನು ಬಿದ್ದಿದೆ ಅಂತ ಬಗ್ಗಿ ನೋಡುವವರು ಮಾತ್ರ ಕಡಿಮೆ.

ಕೆಲವು ಸೊಪ್ಪುಗಳಲ್ಲಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸುವ ಅಂಶಗಳಿರುತ್ತವೆ. ಮೇವಿಗೆ ಬೆಳೆಯುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನ ಕೌಮೆಸ್ಟ್ರಾಲ್ ಅಂಥದ್ದು. ಗರ್ಭಕೋಶದ ಜೀವಕೋಶಗಳಲ್ಲಿ ಹಸುವಿನ ಸ್ವಂತ ಹಾರ್ಮೋನು ಬಂದು ಕೂರುವ ಜಾಗಗಳಿವೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಇವು ಆ ಜಾಗ ಹಿಡಿಯುತ್ತವೆ. ಒಮ್ಮೊಮ್ಮೆ ಹಾರ್ಮೋನಿನ ಕೆಲಸವನ್ನು ಅರೆಬರೆ ಮಾಡುತ್ತವೆ, ಒಮ್ಮೊಮ್ಮೆ ಸುಮ್ನೆ ಅಡ್ಡ ಕೂರುತ್ತವೆ.

ಇದು ಬರೀ ಊಹೆಯಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಮೇವಿನ ಸೊಪ್ಪು ಮೇಯ್ದ ಕುರಿಗಳು ಗಬ್ಬ ನಿಲ್ಲದೆ ಕುರಿಗಾರರು ಕಂಗೆಟ್ಟರು. ಅಲ್ಲಿನ ಪಶುವೈದ್ಯ ವಿಜ್ಞಾನಿ ಬೆನೆಟ್ಸ್ ಮತ್ತು ಜೊತೆಗಾರರು 1946ರಲ್ಲಿ ಅದನ್ನು ವರದಿ ಮಾಡಿದರು. ಆ ಸೊಪ್ಪಿನ ಫಾರ್ಮೋನೊನೆಟಿನ್ ಎಂಬ ಅಂಶ ಕುರಿಯ ಮೊದಲ ಹೊಟ್ಟೆಯಲ್ಲಿ, ಈಸ್ಟ್ರೋಜನ್‌ನಂತೆ ವರ್ತಿಸುವ ಈಕ್ವಾಲ್ ಆಗಿ ಬದಲಾಗುತ್ತದೆ. ಗರ್ಭಕೊರಳಿನ ಲೋಳೆ ಕೆಟ್ಟು, ಟಗರು ಕೂಡಿದರೂ ವೀರ್ಯಾಣು ಒಳಗೆ ಸಾಗುವುದಿಲ್ಲ. ವರ್ಷಗಟ್ಟಲೆ ಮೇಯ್ದ ಕುರಿಗಳಲ್ಲಿ ಈ ಹಾನಿ ಸರಿಹೋಗುವುದೇ ಇಲ್ಲ. ಆಮೇಲೆ ಅಲ್ಲಿ ಆ ಅಂಶ ಕಡಿಮೆ ಇರುವ ಕ್ಲೋವರ್ ತಳಿಗಳನ್ನೇ ತಂದರು.

ಹಸುಗಳಿಗೆ ಕುರಿಗಳಷ್ಟು ತೊಂದರೆಯಿಲ್ಲ. ನಮ್ಮ ನೇಪಿಯರ್ ಹುಲ್ಲು, ಮುಸುಕಿನ ಜೋಳದ ಮೇವಿನಲ್ಲಿ ಇಂಥ ಅಂಶ ತೀರಾ ಕಡಿಮೆ. ಆದರೆ ಹಾಲು ಜಾಸ್ತಿ ಬರಲಿ ಅಂತ ಕುದುರೆ ಮಸಾಲೆಯನ್ನೇ ಹೊರೆಗಟ್ಟಲೆ ಹಾಕುವವರು ಎಲೆ ತಿರುಗಿಸಿ ನೋಡಬೇಕು. ಕಂದು ಚುಕ್ಕೆ ರೋಗ ಬಿದ್ದ ಎಲೆಯಲ್ಲಿ ಕೌಮೆಸ್ಟ್ರಾಲ್ ಹಲವು ಪಟ್ಟು ಏರುತ್ತದೆ. ನೋಡಲು ಹಸಿರಾಗಿಯೇ ಇರುತ್ತೆ, ಹಸುವೂ ಚಪ್ಪರಿಸಿ ತಿನ್ನುತ್ತೆ!

ಸೋಯಾದಲ್ಲೂ ಇಂಥ ಅಂಶಗಳಿವೆ ಅಂತ, ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ತಿಂದರೆ ಗಂಡಸುತನ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಗಂಡಸರ ಹಾರ್ಮೋನಾದ ಟೆಸ್ಟೊಸ್ಟಿರಾನ್ ಅದರಿಂದ ಕುಗ್ಗಿದ್ದು ಕಂಡಿಲ್ಲ. ನಾವು ತಿನ್ನುವುದು ಒಂದು ಹಿಡಿ, ರಾಸು ತಿನ್ನುವುದು ಹೊರೆ. ಎರಡೂ ಒಂದೇ ಅಲ್ವಾ ಅನ್ನುವುದು ಸರಿಯಲ್ಲ.

ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಮತ್ತೆ ಮತ್ತೆ ಬೆದೆಗೆ ಬಂದು ಗಬ್ಬ ನಿಲ್ಲದ ಹಸುಗಳಿರುವ ಮನೆಗಳ ಮೇವಿನ ಮಾದರಿ ತೆಗೆದು ಅಲ್ಲಿ ಪರೀಕ್ಷಿಸಲಿ. ಫಲಿತಾಂಶವನ್ನು ಊರಿನ ಡೇರಿಯ ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಹಾಲು ಹಾಕಲು ಬಂದಾಗ ಎಲ್ಲರೂ ಓದುತ್ತೇವೆ.

– ಒಬ್ಬ ಹಾಲು ಉತ್ಪಾದಕ, ಚನ್ನರಾಯಪಟ್ಟಣ ತಾಲ್ಲೂಕು