ದೂರು ಮುಗಿಯಿತು ಅನ್ನಬೇಕಾದವರು ಓಣಿಯವರು

ಮಾನ್ಯ ಸಂಪಾದಕರೇ,

ನಮ್ಮ ಓಣಿಯ ತಿರುವಿನಲ್ಲಿ ಗಟಾರದ ಮೇಲಿನ ಫರಸಿ ಮುರಿದು ಬಿತ್ತು. ಕತ್ತಲಲ್ಲಿ ಯಾರಾದರೂ ಕಾಲು ಹಾಕಿಯಾರು ಎಂದು ಎದುರು ಮನೆಯ ಅಜ್ಜಿ ಒಂದು ಬೇವಿನ ಟೊಂಗೆ ತಂದು ಅಲ್ಲಿ ಸಿಗಿಸಿದರು. ನಾನು ಫೋಟೊ ತೆಗೆದು ದೂರಿನ ಆ್ಯಪ್ ಒಂದರಲ್ಲಿ ಹಾಕಿದೆ. ನಾಲ್ಕನೇ ದಿನ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂದು ಮೆಸೇಜ್ ಬಂತು, ಜೊತೆಗೊಂದು ಫೋಟೊ. ನೋಡಿದರೆ ಅದೇ ಗಟಾರ, ಅದೇ ಟೊಂಗೆ. ಎಲೆ ಮಾತ್ರ ಒಣಗಿತ್ತು. ಅಜ್ಜಿಗೆ ತೋರಿಸಿದೆ. ‘ಹಂಗಾದ್ರ ರಿಪೇರಿ ಮಾಡಿದಾಕಿ ನಾನ ಆದ್ನಲ್ಲೋ ತಮ್ಮಾ’ ಎಂದು ನಕ್ಕರು.

ಆ್ಯಪ್ ಕೊಟ್ಟರೆ ಸಾಕು, ಜನ ಊರಿನ ಕೆಲಸಕ್ಕೆ ಕೈ ಹಚ್ಚಿದಂತೆ ಎಂದು ನಾವು ತಿಳಿದಿದ್ದೇವೆ. ಆದರೆ ನಾನು ಹಾಕಿದ ದೂರು ಪಕ್ಕದ ಮನೆಯವರಿಗೆ ಕಾಣುವುದಿಲ್ಲ, ಅವರದು ನನಗೆ ಕಾಣುವುದಿಲ್ಲ. ಒಂದೇ ಫರಸಿಗೆ ಹತ್ತು ಮಂದಿ ದೂರಿದರೂ ಹತ್ತು ಬೇರೆ ಬೇರೆ ನಂಬರ್. ದೂರು ಮುಚ್ಚುವ ಬಟನ್ ಮಾತ್ರ ಆ ಕಡೆ ಕೂತವರ ಕೈಯಲ್ಲಿ.

ಬ್ರಿಟನ್ನಿನ ಮೈಸೊಸೈಟಿ ಎಂಬ ಸಂಸ್ಥೆ 2007ರಲ್ಲೇ ಫಿಕ್ಸ್‌ಮೈಸ್ಟ್ರೀಟ್ ಎಂಬ ದೂರಿನ ವೆಬ್‌ಸೈಟ್ ಶುರು ಮಾಡಿತು. ಅಲ್ಲಿ ದೂರು ಎಲ್ಲರಿಗೂ ಕಾಣುವ ಹಾಗೆ ನಕ್ಷೆಯ ಮೇಲೆ ಬೀಳುತ್ತದೆ. ಕೆಲವು ವಾರ ಬಿಟ್ಟು ‘ಸರಿಯಾಯಿತೇ?’ ಎಂದು ದೂರು ಕೊಟ್ಟವರನ್ನೇ ಕೇಳುತ್ತಾರೆ. ಅದರ ಸಾಫ್ಟ್‌ವೇರ್ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ಬಳಸಬಹುದು. ದುಡ್ಡಿಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಅಲ್ವಾ?

ಹುಬ್ಬಳ್ಳಿ-ಧಾರವಾಡದಲ್ಲಿ 2021ರ ಪಾಲಿಕೆ ಚುನಾವಣೆ ಹೊತ್ತಿಗೆ 82 ವಾರ್ಡ್ ಇದ್ದವು. ಮಳೆ ಬಂದರೆ ಯಾವ ತಿರುವಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವ ಕಂಬದ ದೀಪ ಹಗಲೆಲ್ಲ ಉರಿದು ರಾತ್ರಿ ಆರುತ್ತದೆ ಅನ್ನುವುದು ಹಾಲು ಹಾಕುವವರಿಗೆ, ಪೇಪರ್ ಹುಡುಗರಿಗೆ ಬಾಯಿಪಾಠ. ಯಾರೂ ಕೇಳುವುದಿಲ್ಲ ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆಯನ್ನು 2004ರಿಂದ ಜನರೇ ಸೇರಿ ಬರೆಯುತ್ತಿದ್ದಾರೆ. ನಮ್ಮ ಕಾಲೇಜು ಹುಡುಗರು ಒಂದೆರಡು ಭಾನುವಾರ ಓಡಾಡಿದರೆ ವಾರ್ಡಿನ ಗಟಾರ, ಬಾವಿಗಳನ್ನೆಲ್ಲ ಅದರಲ್ಲಿ ಗುರುತು ಮಾಡಬಹುದು. ಧಾರವಾಡದಲ್ಲಿ ಕಾಲೇಜು ಹುಡುಗರಿಗೇನು ಬರವೇ!

ಆದರೆ ಫೋನಿನಲ್ಲಿ ಬಂದದ್ದನ್ನಷ್ಟೇ ಎಣಿಸುತ್ತಾ ಕೂತರೆ ಫೋನ್ ಜಾಸ್ತಿ ಇರುವ ಬಡಾವಣೆಯ ಗುಂಡಿಗಳೇ ಮೊದಲು ಮುಚ್ಚುತ್ತವೆ. ಅಜ್ಜಿಯ ಹತ್ತಿರ ಇರುವುದು ಬಟನ್ ಫೋನ್. ಕರ್ನಾಟಕದ ಪಾಲಿಕೆ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಸಮಿತಿಯ ಸಭೆಯಲ್ಲಿ ಈ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಫೋನಿಲ್ಲದವರು ಹೇಳಿದ್ದನ್ನೂ ಅದರಲ್ಲೇ ಬರೆದುಕೊಳ್ಳಲಿ. ಬಜೆಟ್ ಕೂಡಿಸುವ ಮುಂಚೆ ಯಾವ ಕೆಲಸ ಮೊದಲು ಎಂದು ಓಣಿಯವರನ್ನೇ ಕೇಳಲಿ. ಓಣಿಯ ಇಬ್ಬರು ‘ಹೌದು, ಆಗಿದೆ’ ಅನ್ನುವ ತನಕ ಯಾವ ದೂರನ್ನೂ ಮುಚ್ಚಬಾರದು.

ಫರಸಿ ಇನ್ನೂ ಹಾಕಿಲ್ಲ. ಮೊನ್ನೆ ಅಜ್ಜಿ ಒಣಗಿದ ಟೊಂಗೆ ತೆಗೆದು ಹಸಿ ಟೊಂಗೆ ಸಿಗಿಸಿದ್ದಾರೆ.

ಇತಿ,
ಒಬ್ಬ ಓದುಗ, ಮಾಳಮಡ್ಡಿ, ಧಾರವಾಡ