23ಕ್ಕೇ ಸಂಸತ್ತಿಗೆ ಹೋದ ಹುಡುಗ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. ರಾಜಕೀಯಕ್ಕೆ ಬಿಸಿರಕ್ತದ ಹುಡುಗರು ಬರಬೇಕು, ಮೊದಮೊದಲು ಸ್ವಲ್ಪ ಹಾರಾಡುತ್ತಾರೆ, ಜವಾಬ್ದಾರಿ ಹೆಗಲಿಗೆ ಬಿದ್ದ ಮೇಲೆ ತಾವೇ ಸರಿಹೋಗುತ್ತಾರೆ ಅಂತ. ಆಗ ಸುಮ್ನೆ ಹೂಂಗುಟ್ಟಿದೆ. ಆಮೇಲೆ 2017ರಲ್ಲಿ ಸರ್ಬಿಯಾದ ಅಧ್ಯಕ್ಷನಾದ ಅಲೆಕ್ಸಾಂಡರ್ ವುಚಿಚ್ ನೆನಪಾದ. ನಿನ್ನ ಮಾತು ನಿಜ ಅನ್ನುವವರೂ ಅವನನ್ನೇ ತೋರಿಸಬಹುದು, ಸುಳ್ಳು ಅನ್ನುವವರೂ ಅವನನ್ನೇ ತೋರಿಸಬಹುದು. ಅದಕ್ಕೇ ಈ ಪತ್ರ.

ಅವನು ಹುಟ್ಟಿದ್ದು 1970ರಲ್ಲಿ, ರಾಜಧಾನಿ ಬೆಲ್‌ಗ್ರೇಡಿನಲ್ಲಿ. ಅಪ್ಪನ ಮನೆತನ ಬೋಸ್ನಿಯಾದ್ದು. ಎರಡನೇ ಮಹಾಯುದ್ಧದಲ್ಲಿ ಕ್ರೊಯೇಷಿಯಾದ ಫ್ಯಾಸಿಸ್ಟರು ಅವನ ತಾತನನ್ನು ಕೊಂದಿದ್ದರು. ಈ ಗಾಯವನ್ನು ಬಿಟ್ಟು ಅವನ ಕಥೆ ಹೇಳಿದರೆ ತಪ್ಪಾಗುತ್ತದೆ. ಕಾನೂನು ಓದಿದ. ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿತ. ರೆಡ್ ಸ್ಟಾರ್ ಫುಟ್‌ಬಾಲ್ ಕ್ಲಬ್ಬಿನ ಹುಚ್ಚು ಅಭಿಮಾನಿ. ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾಗಳೆಲ್ಲ ಸೇರಿದ್ದ ಯುಗೊಸ್ಲಾವಿಯಾ ದೇಶ ಒಡೆದು ಬೋಸ್ನಿಯಾದಲ್ಲಿ ಯುದ್ಧ ಶುರುವಾದಾಗ ಪಾಲೆ ಅನ್ನುವ ಊರಿನಲ್ಲಿ ಟಿವಿ ವರದಿಗಾರನಾಗಿದ್ದ. ಅಲ್ಲಿನ ಸರ್ಬ್ ನಾಯಕರ ಠಿಕಾಣಿ ಇದ್ದದ್ದೇ ಆ ಊರಿನಲ್ಲಿ.

1993ರಲ್ಲಿ ಸರ್ಬಿಯನ್ ರಾಡಿಕಲ್ ಪಾರ್ಟಿ ಸೇರಿದ. ಅದರ ಯಜಮಾನ ವೊಯಿಸ್ಲಾವ್ ಶೆಶೆಲ್. ಬೋಸ್ನಿಯಾ, ಕ್ರೊಯೇಷಿಯಾಗಳ ದೊಡ್ಡ ಭಾಗವನ್ನೆಲ್ಲ ಸೇರಿಸಿ ಮಹಾ ಸರ್ಬಿಯಾ ಕಟ್ಟಬೇಕು ಅನ್ನುವವನು. ಹುಡುಗ ಗುರುವಿಗೆ ತಕ್ಕ ಶಿಷ್ಯನಾದ. ಆ ವರ್ಷದ ಡಿಸೆಂಬರಿನಲ್ಲೇ ಸಂಸದ, ವಯಸ್ಸು 23. ಮುಂದೆ 1995ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ. ನೀನು ಹೇಳುವ ಬಿಸಿರಕ್ತ ಅಂದರೆ ಇದೇ ಅಲ್ವಾ?

ಆ ರಕ್ತ ಎಷ್ಟು ಬಿಸಿಯಿತ್ತು ನೋಡು. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಸೈನಿಕರು 8000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದರು. ಊರು ಸರ್ಬರ ವಶವಾಗಿ ಹತ್ತು ದಿನವೂ ಆಗಿರಲಿಲ್ಲ, ಈತ ಸಂಸತ್ತಿನಲ್ಲಿ ಎದ್ದು ನಿಂತು, ನೀವು ಒಬ್ಬ ಸರ್ಬನನ್ನು ಕೊಂದರೆ ನಾವು ನೂರು ಮುಸ್ಲಿಮರನ್ನು ಕೊಲ್ಲುತ್ತೇವೆ ಅಂದ. ಸರ್ಬ್ ಪಡೆಗಳ ಮೇಲೆ ಬಾಂಬ್ ಹಾಕುವ ಹೊರಗಿನ ದೇಶಗಳನ್ನು ಹೆದರಿಸಲು ಆಡಿದ ಮಾತು ಅದು ಅಂತ ಅವನ ಕಡೆಯವರು ಸಮಜಾಯಿಷಿ ಕೊಡುತ್ತಾರೆ. ಇರಬಹುದು. ಆ ವಾರ ಆಡುವ ಮಾತಾ ಅದು?

1998ರ ಮಾರ್ಚಿನಲ್ಲಿ, ಆಗ ದೇಶ ಆಳುತ್ತಿದ್ದ ಸ್ಲೊಬೊದಾನ್ ಮಿಲೊಷೆವಿಚ್ ಕಾಲದ ಸರ್ಕಾರದಲ್ಲಿ ಅವನಿಗೆ ಮಾಹಿತಿ ಖಾತೆ ಸಿಕ್ಕಿತು. 28 ವರ್ಷದ ಮಂತ್ರಿ. ಅಕ್ಟೋಬರಿನಲ್ಲಿ ಹೊಸ ಮಾಹಿತಿ ಕಾನೂನು ಬಂತು. ಅದರ ಜಾಣತನ ನೋಡು. ಪತ್ರಿಕೆಗೆ ಬೀಗ ಹಾಕಬೇಕು, ಸಂಪಾದಕನನ್ನು ಜೈಲಿಗೆ ಹಾಕಬೇಕು ಅಂತೇನಿಲ್ಲ. ಯಾರಾದರೂ ದೂರು ಕೊಟ್ಟರೆ ಸಾಕು, ಒಂದೇ ದಿನದಲ್ಲಿ ವಿಚಾರಣೆ, ತೀರ್ಪು. ಬರೆದದ್ದು ನಿಜ ಅಂತ ಸಾಬೀತು ಮಾಡುವ ಹೊರೆ ಪತ್ರಿಕೆಯದ್ದೇ. ದಂಡ ಮಾತ್ರ ಹೊಟ್ಟೆಗೆ ಹೊಡೆಯುವಂಥದ್ದು. ಸ್ಲಾವ್ಕೊ ಚುರುವಿಯಾ ಅನ್ನುವವನ ‘ಎವ್ರೊಪ್ಲಿಯಾನಿನ್’ ವಾರಪತ್ರಿಕೆಗೆ ಬಿದ್ದದ್ದು 24 ಲಕ್ಷ ದಿನಾರ್. ಕಟ್ಟಲಾಗದಿದ್ದಾಗ ಆಸ್ತಿ ಜಪ್ತಿ. ವಿದೇಶಿ ರೇಡಿಯೊಗಳ ಸುದ್ದಿಯನ್ನು ಸ್ಥಳೀಯ ಕೇಂದ್ರಗಳು ಮರುಪ್ರಸಾರ ಮಾಡುವುದಕ್ಕೂ ತಡೆ ಬಿತ್ತು.

1999ರಲ್ಲಿ ಸರ್ಬಿಯಾದ ಮೇಲೆ ನ್ಯಾಟೊ ಬಾಂಬ್ ಹಾಕುತ್ತಿದ್ದಾಗ, ಏಪ್ರಿಲ್ 11ರಂದು, ಆರ್ಥೊಡಾಕ್ಸ್ ಈಸ್ಟರ್ ಹಬ್ಬದ ದಿನ, ಚುರುವಿಯಾನನ್ನು ಅವನ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಕೊಲೆಯನ್ನು ವುಚಿಚ್ ತಲೆಗೆ ಕಟ್ಟುತ್ತಿಲ್ಲ ನಾನು. ಕೇಸು ನಡೆದದ್ದು ಗುಪ್ತಚರ ಇಲಾಖೆಯವರ ಮೇಲೆ. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾದವರು ಮೇಲ್ಮನವಿಯಲ್ಲಿ ಖುಲಾಸೆಯಾದರು. ಆದರೆ ಪತ್ರಕರ್ತ ಅಂದರೆ ದೇಶದ್ರೋಹಿ ಅನ್ನುವ ಗಾಳಿ ಎದ್ದಿದ್ದ ಹೊತ್ತಿನಲ್ಲಿ ಮಾಹಿತಿ ಖಾತೆ ಯಾರ ಕೈಯಲ್ಲಿತ್ತು ಅನ್ನುವುದನ್ನು ಮರೆಯೋದು ಹೇಗೆ?

2000ದ ಅಕ್ಟೋಬರಿನಲ್ಲಿ ಮಿಲೊಷೆವಿಚ್ ಬಿದ್ದ. ಶೆಶೆಲ್ 2003ರಲ್ಲಿ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಗೆ ಶರಣಾದ. ವುಚಿಚ್‌ಗೆ ಮುಂದಿನ ವರ್ಷಗಳೆಲ್ಲ ವಿರೋಧ ಪಕ್ಷದ ಬೆಂಚು, ಬೆಲ್‌ಗ್ರೇಡ್ ಮೇಯರ್ ಆಗುವ ಪ್ರಯತ್ನ, ಸೋಲು. 2007ರಲ್ಲಿ ಕೂಡ ಸ್ರೆಬ್ರೆನಿತ್ಸಾ ಹತ್ಯಾಕಾಂಡ ನಡೆಸಿದ ಸೇನೆಯ ಸೇನಾಪತಿ ರಾಟ್ಕೊ ಮ್ಲಾಡಿಚ್ ಪರ ಪೋಸ್ಟರ್ ಅಂಟಿಸುವ ಗುಂಪಿನಲ್ಲಿದ್ದ. ಕೊಲೆಯಾದ ಪ್ರಧಾನಿ ಜೊರಾನ್ ಜಿಂಜಿಚ್ ಹೆಸರಿನ ರಸ್ತೆಗೆ ಮ್ಲಾಡಿಚ್ ಹೆಸರಿಡಬೇಕು ಅನ್ನುವ ಗಲಾಟೆ ಅದು. ಆಗ ಅವನಿಗೆ 37. ಹುಡುಗಾಟದ ವಯಸ್ಸು ಅನ್ನೋಕೆ ಆಗಲ್ಲ.

ಇದಾದ ಮರುವರ್ಷವೇ ಎಲ್ಲ ತಿರುವುಮುರುವು. ಐರೋಪ್ಯ ಒಕ್ಕೂಟದ ಜೊತೆಗಿನ ಒಪ್ಪಂದದ ವಿಷಯದಲ್ಲಿ ಪಕ್ಷ ಒಡೆಯಿತು. ಪಕ್ಷದ ಹಿರಿಯ ನಾಯಕ ತೊಮಿಸ್ಲಾವ್ ನಿಕೊಲಿಚ್ ಹೊರಬಂದು ಸರ್ಬಿಯನ್ ಪ್ರೊಗ್ರೆಸಿವ್ ಪಾರ್ಟಿ ಕಟ್ಟಿದ. ವುಚಿಚ್ ಕೂಡ ಹಿಂದೆಯೇ ಹೋದ. ಶೆಶೆಲ್ ಹೇಗ್‌ನಿಂದಲೇ ಇವರನ್ನು ದ್ರೋಹಿಗಳು ಅಂತ ಬೈದ. ಹೊಸ ಪಕ್ಷ ಮಾತ್ರ ಯುರೋಪಿಗೆ ಹೋಗೋಣ, ಕೆಲಸ ಕೊಡಿಸೋಣ, ಭ್ರಷ್ಟರನ್ನು ಹಿಡಿಯೋಣ ಅನ್ನತೊಡಗಿತು. 2012ರಲ್ಲಿ ನಿಕೊಲಿಚ್ ಅಧ್ಯಕ್ಷ, ವುಚಿಚ್ ಉಪಪ್ರಧಾನಿ. 2013ರಲ್ಲಿ ಇದೇ ಸರ್ಕಾರ, ಸರ್ಬಿಯಾದಿಂದ ಬೇರೆಯಾಗಿ ಸ್ವತಂತ್ರ ಅಂತ ಘೋಷಿಸಿಕೊಂಡಿದ್ದ ಕೊಸೊವೊ ಜೊತೆ ಸಂಬಂಧ ಸರಿಪಡಿಸುವ ಬ್ರಸೆಲ್ಸ್ ಒಪ್ಪಂದಕ್ಕೆ ಸಹಿ ಹಾಕಿತು. 2014ರ ಚುನಾವಣೆಯಲ್ಲಿ 250ರಲ್ಲಿ 158 ಸೀಟು ಗೆದ್ದು ಪ್ರಧಾನಿಯಾದ. ನಾನು ಬದಲಾಗಿದ್ದೇನೆ, ಹಳೆಯ ತಪ್ಪು ಒಪ್ಪಿಕೊಳ್ಳೋಕೆ ನಾಚಿಕೆಯಿಲ್ಲ ಅಂತಲೂ ಹೇಳಿದ.

2015ರ ಜುಲೈ 11. ಸ್ರೆಬ್ರೆನಿತ್ಸಾ ಹತ್ಯಾಕಾಂಡಕ್ಕೆ 20 ವರ್ಷ. ವುಚಿಚ್ ಪ್ರಧಾನಿಯಾಗಿ ಅಲ್ಲಿಗೆ ಹೋದ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಅವನ ಕೋಟಿಗೆ ಸತ್ತವರ ನೆನಪಿನ ಬಿಳಿ-ಹಸಿರು ಹೂವಿನ ಬ್ಯಾಡ್ಜ್ ಚುಚ್ಚಿದಳು. ಜನರ ನಡುವೆ ಒಂದು ದೊಡ್ಡ ಬ್ಯಾನರ್ ಎದ್ದಿತ್ತು. ಅದರ ಮೇಲೆ ಇದ್ದದ್ದು ಅವನದೇ ಮಾತು, ಒಬ್ಬನಿಗೆ ನೂರು. ಕಲ್ಲು, ಬಾಟಲಿ ತೂರಿ ಬಂದವು. ಕನ್ನಡಕ ಒಡೆಯಿತು. ಅಂಗರಕ್ಷಕರು ಸುತ್ತುವರಿದು ಗುಡ್ಡದ ಮೇಲಕ್ಕೆ ಓಡಿಸಿಕೊಂಡು ಹೋದರು. ಕಲ್ಲು ಹೊಡೆದದ್ದು ತಪ್ಪು. ಹೋದದ್ದಕ್ಕೆ ಧೈರ್ಯ ಬೇಕಿತ್ತು, ಅದನ್ನೂ ಒಪ್ಪುತ್ತೇನೆ. ಆ ತಾಯಿಯ ಮನಸ್ಸು ದೊಡ್ಡದು. ಆದರೆ ಬ್ಯಾನರ್ ಹಿಡಿದವರನ್ನೂ ಬೈಯೋಕೆ ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಅವನು ಬದಲಾದನಾ? ನನಗನಿಸುವುದು, ಸಿದ್ಧಾಂತ ಅವನಿಗೆ ಎಂದೂ ಮುಖ್ಯವಾಗಿರಲಿಲ್ಲ. ಬೇಕಾದಾಗ ಹಾಕಿಕೊಂಡ, ಬೇಡವಾದಾಗ ಕಳಚಿಟ್ಟ. ಮಾಹಿತಿ ಖಾತೆಯಲ್ಲಿ ಕಲಿತ ಪಾಠ ಮಾತ್ರ ಬಿಡಲಿಲ್ಲ: ಜನರ ಕಿವಿಗೆ ಏನು ಬೀಳಬೇಕು ಅನ್ನುವುದು ತನ್ನ ಕೈಯಲ್ಲಿರಬೇಕು. 2017ರಲ್ಲಿ ಅಧ್ಯಕ್ಷನಾದ, 2022ರಲ್ಲಿ ಮತ್ತೆ ಗೆದ್ದ. ಅದೇ 2022ರಲ್ಲಿ ದೇಶವ್ಯಾಪಿ ಪ್ರಸಾರದ ಪರವಾನಗಿ ಕೊಟ್ಟರು. ನಾಲ್ಕಕ್ಕೆ ನಾಲ್ಕೂ ಸಿಕ್ಕಿದ್ದು ಸರ್ಕಾರದ ಪರ ಇರುವ ಟಿವಿಗಳಿಗೆ. ಈಗ ದಂಡ ಹಾಕುವ ಗೋಜೇ ಬೇಡ. ಟಿವಿ ಹಾಕಿದರೆ ಅವನೇ ಇರುತ್ತಾನೆ, ಜಾಸ್ತಿ ಹೊತ್ತು ತಾನೇ ಮಾತಾಡುತ್ತಿರುತ್ತಾನೆ. ಇನ್ನೊಂದು ತಮಾಷೆ ಕೇಳು. ದ್ರೋಹಿ ಅಂತ ಬೈದಿದ್ದ ಶೆಶೆಲ್, ಹೇಗ್‌ನಲ್ಲಿ ಯುದ್ಧಾಪರಾಧಿ ಅನಿಸಿಕೊಂಡವನು, 2024ರ ಬೆಲ್‌ಗ್ರೇಡ್ ನಗರ ಚುನಾವಣೆಯಲ್ಲಿ ಶಿಷ್ಯನ ಮೈತ್ರಿಕೂಟದಲ್ಲೇ ಇದ್ದ.

ಈಗಿನ ಸುದ್ದಿ ನಿನಗೂ ಗೊತ್ತು. 2024ರ ನವೆಂಬರ್ 1ರಂದು ಸರ್ಬಿಯಾದ ನೊವಿ ಸಾದ್ ನಗರದ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ ಕುಸಿಯಿತು. ಸತ್ತವರ ಸಂಖ್ಯೆ ಆಮೇಲೆ 16ಕ್ಕೇರಿತು. ಹೊಣೆ ಯಾರದು ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. ಚಾವಣಿ ಬಿದ್ದ ಹೊತ್ತಿಗೆ ಸರಿಯಾಗಿ, 11 ಗಂಟೆ 52 ನಿಮಿಷಕ್ಕೆ, ರಸ್ತೆ ತಡೆದು ಸತ್ತ ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಮೌನವಾಗಿ ನಿಲ್ಲುತ್ತಿದ್ದರು. 2025ರ ಜನವರಿಯಲ್ಲಿ ಪ್ರಧಾನಿ ರಾಜೀನಾಮೆ ಕೊಡಬೇಕಾಯಿತು.

ನನಗೆ ಕುತೂಹಲ ಇರುವುದು ಇಲ್ಲಿ. ಈ ಹುಡುಗರು ಯಾರನ್ನೂ ನಾಯಕ ಮಾಡಿಕೊಳ್ಳಲಿಲ್ಲ. ಕಾಲೇಜಿನ ಹಾಲ್‌ನಲ್ಲಿ ಎಲ್ಲರೂ ಸೇರುವುದು, ಕೈ ಎತ್ತಿ ಮತ ಹಾಕುವುದು, ಟಿವಿ ಮುಂದೆ ಒಂದು ದಿನ ಒಬ್ಬ ಮಾತಾಡಿದರೆ ಇನ್ನೊಂದು ದಿನ ಇನ್ನೊಬ್ಬಳು. 23ರ ವಯಸ್ಸಿನ ಇನ್ನೊಬ್ಬ ವುಚಿಚ್‌ನನ್ನು ತಮ್ಮ ಕೈಯಾರೆ ಬೆಳೆಸಬಾರದು ಅನ್ನುವ ಹುಷಾರಿರಬಹುದು. ಹೀಗೆ ಎಷ್ಟು ದೂರ ಹೋಗೋಕಾಗುತ್ತೆ ಅನ್ನುವ ಅನುಮಾನ ನನಗೂ ಇದೆ.

ನಿನ್ನ ಬಿಸಿರಕ್ತದ ಲೆಕ್ಕಕ್ಕೆ ಇವರು ಸೇರುತ್ತಾರಾ, ಇಲ್ವಾ? ಬಿಡುವಾದಾಗ ಬರೆ. ಫೋನ್ ಬೇಡ ಮಾರಾಯ, ಫೋನಿನಲ್ಲಿ ನೀನು ನನಗೆ ಮಾತಾಡೋಕೇ ಬಿಡುವುದಿಲ್ಲ.

ನಿನ್ನ,
ಗೆಳೆಯ